ದಾಳಿಂಬೆ ಹೂ ಉದುರಿದ್ದಕ್ಕೆ ಸೂರಕ್ಕಿಯನ್ನು ದೂರಬೇಡಿ

ಕುಷ್ಟಗಿಯ ಅಣ್ಣಾ, ದಾಳಿಂಬೆಯ ಅಂಬೆ ಬಹಾರಿನ (ಚಳಿಗಾಲದ ಕೊನೆಗೆ ಬಿಡುವ) ಹೂವಿಗೆ ಮಿರಮಿರ ಮಿಂಚುವ ಕಪ್ಪು ಹಕ್ಕಿ, ಹಳದಿ ಎದೆಯ ಹಕ್ಕಿ ಎರಡೂ ಮುತ್ತುತ್ತಿವೆ, ಬುಡದಲ್ಲಿ ಹೂ ರಾಶಿ ಬಿದ್ದಿದೆ, ಬಲೆ ಕಟ್ಟಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗ ಕಟ್ಟಬೇಡಿ.

ಮೊದಲು ಉದುರಿದ ಹೂಗಳನ್ನು ಒಂದು ಹಿಡಿ ಆರಿಸಿ, ತೊಟ್ಟಿನ ಕಡೆ ನೋಡಿ. ಬುಡ ಸಪೂರವಾಗಿ, ಹೂ ಗಂಟೆಯ ಹಾಗೆ ಇದ್ದರೆ ಅದು ಗಂಡು ಹೂ. ಹಕ್ಕಿ ಬಂದರೂ ಬರದಿದ್ದರೂ ಅದು ಉದುರುವುದೇ. ಕಾಯಿ ಕಟ್ಟುವ ಹೂವಿನ ಬುಡ ದುಂಡಗೆ ಉಬ್ಬಿರುತ್ತದೆ. ಅಂಥವೇ ಹೆಚ್ಚು ಬಿದ್ದಿದ್ದರೆ ನೀರಿನ ಏರುಪೇರು, ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ರೋಗ ಇವುಗಳನ್ನು ಪರೀಕ್ಷಿಸಬೇಕು.

ನೀವು ಎರಡು ಜಾತಿ ಎಂದುಕೊಂಡಿರುವುದು ಸೂರಕ್ಕಿಯ ಒಂದೇ ಜೋಡಿ. ಕಪ್ಪಗೆ, ಬಿಸಿಲು ಬಿದ್ದರೆ ನೀಲಿ-ನೇರಳೆಯಾಗಿ ಹೊಳೆಯುವುದು ಗಂಡು. ಮರಿ ಮಾಡುವ ಕಾಲ ಮುಗಿದ ಮೇಲೆ ಅದೂ ಹೆಣ್ಣಿನ ಹಾಗೆ ಹಳದಿಗೆ ತಿರುಗುತ್ತದೆ. ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೀಟು ಮಾತ್ರ ಉಳಿಯುತ್ತದೆ. ಹತ್ತು ಗ್ರಾಂ ಕೂಡ ತೂಗದ ಹಕ್ಕಿ ಅದು. ಬೆಳಿಗ್ಗೆ ಸಾಲಿನ ನಡುವೆ ಸುಮ್ಮನೆ ನಿಂತು ನೋಡಿ: ರೆಂಬೆಗೆ ತಲೆಕೆಳಗಾಗಿ ಜೋತುಬಿದ್ದು, ಬಾಗಿದ ಕೊಕ್ಕನ್ನು ಹೂವಿನೊಳಗೆ ಇಳಿಸಿ, ಕೊಳವೆಯಂಥ ನಾಲಿಗೆಯಿಂದ ಮಕರಂದ ಹೀರಿ, ಹಣೆಗೆ ಪರಾಗ ಮೆತ್ತಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಕೊಕ್ಕು ನಿಲುಕದ ಉದ್ದ ಹೂವಾದರೆ ಬುಡಕ್ಕೇ ತೂತು ಕೊರೆದು ಮಕರಂದ ಕದಿಯುವುದುಂಟು. ಬಾಯಿ ತೆರೆದ ದಾಳಿಂಬೆ ಹೂವಿಗೆ ಆ ಕಷ್ಟ ಅದಕ್ಕೆ ಬೇಕಿಲ್ಲ.

ದ್ರಾಕ್ಷಿ ಬೆಳೆಯುವವರ ದೂರು ಬೇರೆ. ಸೂರಕ್ಕಿ ಮಾಗಿದ ದ್ರಾಕ್ಷಿಗೆ ಚುಚ್ಚಿ ರಸ ಕುಡಿಯುತ್ತದೆ, ಅದು ನಿಜ. ದಪ್ಪ ಸಿಪ್ಪೆಯ ದಾಳಿಂಬೆಯನ್ನು ಒಡೆಯುವುದು ಗಿಳಿ, ಅಳಿಲುಗಳ ಕೆಲಸ. ಹಣ್ಣಿನ ಹೊತ್ತಿಗೆ ಬಲೆ ಬೇಕೆನಿಸಿದರೆ ಬಿಗಿಯಾಗಿ ಕಟ್ಟಿ. ಜೋಲುವ ಬಲೆಯಲ್ಲಿ ಹಕ್ಕಿಗಳು ಕಾಲು ಸಿಕ್ಕಿಕೊಂಡು ಒದ್ದಾಡಿ ಸಾಯುತ್ತವೆ. ಹೂವಿನ ಕಾಲದಲ್ಲಿ ಮಾತ್ರ ಬೇಡ, ಜೇನಿಗೂ ಅಡ್ಡಿಯಾಗುತ್ತದೆ.

ಮಾವಿನ ಕೊಂಬೆಯ ಮೇಲೆ ಬೆಳೆದು ಅದರ ರಸ ಹೀರುವ ಬಂದಳಿಕೆ ಗಿಡವನ್ನು ಹಬ್ಬಿಸುವುದೂ ಸೂರಕ್ಕಿಯೇ ಎಂದು ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು ಬರೆದಿದ್ದಾರೆ. ಬಂದಳಿಕೆ ಹೂವಿನ ಮಕರಂದ ಸೂರಕ್ಕಿಗೆ ಪ್ರಿಯವೇ. ಆದರೆ ಹಣ್ಣು ತಿಂದು ಅಂಟು ಬೀಜವನ್ನು ಕೊಂಬೆಗೆ ಒರೆಸಿ ಹಬ್ಬಿಸುವುದು ಮುಖ್ಯವಾಗಿ ಬದನಿಕೆ ಹಕ್ಕಿ.

ಪಂಪ್‌ಸೆಟ್ ಕೋಣೆಯ ತಂತಿಗೆ ಜೋತಿರುವ ಕಸದ ಗಂಟನ್ನು ಕಿತ್ತುಹಾಕಬೇಕೆಂದಿದ್ದೀರಿ. ಕೀಳಬೇಡಿ ಅಣ್ಣಾ, ಅದು ಸೂರಕ್ಕಿಯ ಗೂಡು! ಜೇಡರ ಬಲೆಯಿಂದ ಹುಲ್ಲು, ತೊಗಟೆಯ ಚೂರುಗಳನ್ನು ಹೊಲಿದು, ಬದಿಯ ಬಾಗಿಲಿಗೆ ಪುಟ್ಟ ಸೂರನ್ನೂ ಇಳಿಸಿ, ಒಳಗೆ ನವಿರಾದ ಅರಳೆ ಹಾಸಿ ಹೆಣ್ಣೇ ಅದನ್ನು ಕಟ್ಟುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಕೊಡುವುದು ಹೆಣ್ಣು, ಮರಿಗೆ ಉಣಿಸಲು ಗಂಡೂ ಬರುತ್ತದೆ. ಮೊಟ್ಟೆಯಿಂದ ಮರಿ ಹಾರುವವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಅಷ್ಟು ದಿನ ಆ ತಂತಿಯನ್ನು ಅಲುಗಿಸದೆ ಬಿಡಿ. ಮರಿಗಳಿಗೆ ತರುವುದು ಸಣ್ಣ ಹುಳು, ಜೇಡಗಳನ್ನು. ಆದ್ದರಿಂದ ಔಷಧಿ ಹೊಡೆಯಲೇಬೇಕಾದರೆ ಹಕ್ಕಿ, ಜೇನು ಎರಡೂ ಹೂ ಬಿಟ್ಟು ಹೋದ ಮೇಲೆ, ಸಂಜೆ ಹೊಡೆಯಿರಿ.

ಉದುರಿದ ಹೂಗಳನ್ನು ಸೀಳಿ, ಬುಡ ಕಾಣುವಂತೆ ಫೋಟೋ ಹಾಕಿ. ನೋಡಿ ಹೇಳುತ್ತೇನೆ.