ನೆಲ ಅಂದರೆ ನಿಲಂ ಅಲ್ಲ ಮಾರಾಯ

"ಕಡಲ ಬದಿ ಜಾಗ ಇಟ್ಟುಕೊಂಡು ಒಂದು ಮನೆ ಕಟ್ಟೋಕೆ ಇಷ್ಟು ವರ್ಷ ಬೇಕಾ? ನಿಮ್ಮ ಊರವರಿಗೆ ಕಾಗದಪತ್ರ ನೋಡ್ಕೊಳ್ಳೋಕೆ ಬರಲ್ವಾ?" ಅಂತ ಕೇಳಿದೆಯಲ್ಲ, ಫೋನಲ್ಲಿ ನಕ್ಕು ಸುಮ್ಮನಾದೆ. ಈಗ ಕೂತು ಬರೆಯುತ್ತಿದ್ದೇನೆ.

ಮೊದಲಿಗೆ, ಕಾಸರಗೋಡಿನ ನಮ್ಮ ಜಾಗ ಕಡಲ ಬದಿ ಅಲ್ಲ. ರಾತ್ರಿ ಅಲೆಯ ಸದ್ದು ಕೇಳುವಷ್ಟು ದೂರ, ಅಷ್ಟೆ. ಭರತ ಬಂದು ಮುಟ್ಟುವ ಗೆರೆಯಿಂದ 500 ಮೀಟರ್ ದಾಟಿದ್ದರಿಂದ, ಕಡಲತೀರದಲ್ಲಿ ಕಟ್ಟಡಕ್ಕೆ ಮಿತಿ ಹಾಕುವ ಸಿಆರ್‌ಝಡ್ ಕಾಟ ಇಲ್ಲ. ಆ ಕಾಟ ಇರುವವರು ಬೇರೆ. 1991ರಲ್ಲಿ ಒಂದು ನಿಯಮ, 2011ರಲ್ಲಿ ಇನ್ನೊಂದು, 2019ರಲ್ಲಿ ಮತ್ತೊಂದು. ಜನ ಜಾಸ್ತಿ ಇರುವ ಊರಾದರೆ 50 ಮೀಟರ್ ಬಿಡಬೇಕು, ಕಡಿಮೆ ಇದ್ದರೆ 200. ಆದರೆ ಕಡಲು ಇದನ್ನೆಲ್ಲ ಓದಿಲ್ಲ. ಚಿಕ್ಕಪ್ಪನ ಮನೆಯ ಮುಂದೆ ತೆಂಗಿನ ಎರಡು ಸಾಲು ಇತ್ತು, ಈಗ ಒಂದೂ ಇಲ್ಲ. ಕಲ್ಲು ಹಾಕಿದಲ್ಲಿ ಕೊರೆತ ನಿಲ್ಲುತ್ತದೆ. ಕಲ್ಲಿನ ಗೋಡೆ ಮುಗಿಯುತ್ತದಲ್ಲ, ಅದರಾಚೆ ಇನ್ನೂ ಜೋರಾಗಿ ಶುರುವಾಗುತ್ತದೆ. ಚಿಕ್ಕಪ್ಪನದು ಆ ಆಚೆ.

ನನ್ನ ಗೋಳು ಒಂದೇ ಒಂದು ಶಬ್ದದ್ದು.

ನಮ್ಮಲ್ಲಿ ಗದ್ದೆಗೆ ಮೂರು ಹೆಸರು. ತಗ್ಗಿನಲ್ಲಿ ನೀರು ನಿಂತು ಮೂರು ಬೆಳೆ ಬರುವುದು ಬೈಲು. ಎರಡು ಬೆಳೆಯದ್ದು ಮಜಲು. ಮೇಲೆ, ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವುದು ಬೆಟ್ಟು. ಇಷ್ಟು ಹೇಳಿದರೆ ಸಾಕು, ನೋಡದೆಯೇ ಜಾಗ ಹೇಗಿದೆ ಅಂತ ಗೊತ್ತಾಗುತ್ತದೆ. ಅಜ್ಜನ ಕಾಗದ ಕಾಸರಗೋಡು ಇನ್ನೂ ಮದ್ರಾಸಿನ ದಕ್ಷಿಣ ಕನ್ನಡದಲ್ಲಿದ್ದ ಕಾಲದ್ದು, ಅಚ್ಚ ಕನ್ನಡದಲ್ಲಿದೆ. ಅದರಲ್ಲಿ ನಮ್ಮ ಜಾಗ 'ಬೆಟ್ಟು'. ಅಜ್ಜನೇ ಬೇಸಾಯ ಸಾಗುವುದಿಲ್ಲ ಅಂತ ಅಲ್ಲಿ ತೆಂಗು ಹಾಕಿದ್ದರು. ನಾನು ನಡೆಯಲು ಕಲಿತದ್ದೇ ಆ ತೆಂಗಿನ ಬುಡದಲ್ಲಿ.

1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು. ನಾವೇನೂ ಹೊರಟು ಬಂದದ್ದಲ್ಲ, ಗೆರೆ ನಮ್ಮನ್ನು ದಾಟಿ ಹೋಯಿತು. ಕಾಗದದ ಭಾಷೆ ಬದಲಾಯಿತು. ಮೂರು ಹೆಸರೂ ಸೇರಿ ಒಂದಾಯಿತು, 'ನಿಲಂ'. ಮಲಯಾಳದಲ್ಲಿ ನಿಲಂ ಅಂದರೆ ಗದ್ದೆ. ಮನೆ ಕಟ್ಟುವ ಜಾಗಕ್ಕೆ 'ಪುರಯಿಡಂ' ಅನ್ನುತ್ತಾರೆ. ಅಪ್ಪನಿಗೆ ಮಲಯಾಳ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಯಾರೋ ಓದಿ ಹೇಳಿದರಂತೆ, ನಿಲಂ ಅಂತ ಇದೆ ಎಂದು. ಅಪ್ಪ, "ನೆಲವೇ ಅಲ್ವಾ, ಮತ್ತೆಂತ ಆಕಾಶವಾ?" ಅಂದು ರುಜು ಹಾಕಿ ಬಂದರು!

2008ರಲ್ಲಿ ಕೇರಳ ಗದ್ದೆ ಮತ್ತು ಜೌಗು ಭೂಮಿ ಉಳಿಸುವ ಕಾನೂನು ತಂದಿತು. ಕಾಗದದಲ್ಲಿ ನಿಲಂ ಅಂತ ಇದ್ದ ನಮ್ಮ ತೆಂಗಿನ ತೋಟ ಗದ್ದೆಗಳ ಪಟ್ಟಿಗೆ ಸೇರಿತು. ಆ ಪಟ್ಟಿಗೆ ಡಾಟಾ ಬ್ಯಾಂಕ್ ಅಂತ ಹೆಸರು. ಹಣ ಇಲ್ಲದ ಬ್ಯಾಂಕು, ಒಳಗೆ ಹೋದದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ.

ಕಾನೂನು ತಪ್ಪು ಅಂತ ನಾನು ಹೇಳುತ್ತಿಲ್ಲ. ಬೈಲಿಗೆ ಮಣ್ಣು ತುಂಬಿಸಿದರೆ ಮಳೆನೀರು ಎಲ್ಲಿ ಇಂಗಬೇಕು? ಕಡಲ ಹತ್ತಿರದ ಊರಲ್ಲಿ ನೆಲದೊಳಗಿನ ಸಿಹಿನೀರಿನ ಮಟ್ಟ ಇಳಿದರೆ ಬಾವಿಗೆ ಉಪ್ಪು ಬರುತ್ತದೆ. ಗದ್ದೆ ಮುಚ್ಚಿ ಕಟ್ಟಡ ಎಬ್ಬಿಸಿದವರನ್ನು ಕಂಡರೆ ನನಗೂ ಸಿಟ್ಟೇ. ಆದರೆ ಹತ್ತಾರು ವರ್ಷದ ತೆಂಗನ್ನು ಬತ್ತ ಅಂತ ಹೇಳಿದರೆ ಹೇಗೆ?

ಬೇರೆ ಜಾಗ ಇಲ್ಲದವರಿಗೆ ಪಂಚಾಯತಿನಲ್ಲಿ ಮನೆಗೆ 10 ಸೆಂಟ್ಸಿನ ವಿನಾಯಿತಿ ಉಂಟು, ಅದನ್ನೇ ಹಿಡಿ ಅಂತ ಎಲ್ಲರೂ ಹೇಳುತ್ತಾರೆ. ಆ ದಾರಿ ಹಿಡಿದರೆ ಅದು ಗದ್ದೆ ಅಂತ ನಾನೇ ಒಪ್ಪಿದ ಹಾಗೆ. ಅಜ್ಜನ ತೋಟಕ್ಕೆ ಸುಳ್ಳು ಹೆಸರು ಕೊಟ್ಟು ಮನೆ ಕಟ್ಟಲಾರೆ. ಹಾಗಾಗಿ ಫಾರಂ 5. ಪಟ್ಟಿಯಿಂದ ತೆಗೆಯಿರಿ ಅಂತ ಕಂದಾಯ ವಿಭಾಗಾಧಿಕಾರಿಗೆ, ಅಂದರೆ ಆರ್‌ಡಿಒಗೆ ಅರ್ಜಿ. ಊರಿನ ಕೃಷಿ ಕಚೇರಿ, ಕೃಷಿ ಭವನದ ವರದಿ ಬೇಕು. ಸಂಶಯ ಬಂದರೆ ಜಾಗ 2008ರಲ್ಲಿ ಹೇಗಿತ್ತು ಅಂತ ಉಪಗ್ರಹದ ಚಿತ್ರ ನೋಡುತ್ತಾರೆ. ಚಿತ್ರಕ್ಕೆ ನಾನು ಹೆದರುವುದಿಲ್ಲ, ಮೇಲಿಂದ ನೋಡಿದರೆ ತೆಂಗು ಯಾವ ಭಾಷೆಯಲ್ಲೂ ತೆಂಗೇ. ಇದು ಮುಗಿದ ಮೇಲೆ ಫಾರಂ 6 ಬೇರೆ ಉಂಟು. ಅದನ್ನು ಈಗಲೇ ಹೇಳಿ ನಿನ್ನ ತಲೆ ತಿನ್ನುವುದಿಲ್ಲ.

ನಾನು ಅರ್ಜಿಯ ಜೊತೆಗಿನ ಪತ್ರ ಕನ್ನಡದಲ್ಲೇ ಬರೆದೆ. ಹಟಕ್ಕಲ್ಲ, ಹಕ್ಕು ಅದು. ಇಲ್ಲಿಯ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ 1969ರ ಭಾಷಾ ಕಾನೂನೇ ಹೇಳುತ್ತದೆ. ಉತ್ತರ ಬಂತು. ಒಂದೂವರೆ ಪುಟ, ಪೂರ್ತಿ ಮಲಯಾಳ.

ಮಗಳು ಓದಿ ಹೇಳಿದಳು: "ಅಪ್ಪ, ಹಳೇ ಕಾಗದ ಅವರಿಗೆ ಅರ್ಥ ಆಗುವುದಿಲ್ಲವಂತೆ. ಮಲಯಾಳ ಮಾಡಿಸಿ ತರಬೇಕಂತೆ."

ನೀನು ಕಾಗದಪತ್ರ ನೋಡಿಕೊಳ್ಳಲು ಬರಲ್ವಾ ಅಂತ ಕೇಳಿದ್ದು ಅದರ ಮರುದಿನವೇ ನೋಡು.

ನಿನ್ನೆ ಅಜ್ಜನ ಕಾಗದ ಹಿಡಿದು ಅನುವಾದ ಮಾಡುವವರೊಬ್ಬರ ಹತ್ತಿರ ಹೋದೆ. ಒಳ್ಳೆಯವರು, ಕನ್ನಡ ಚೆನ್ನಾಗಿಯೇ ಬರುತ್ತದೆ. 'ಬೆಟ್ಟು' ಅನ್ನುವಲ್ಲಿ ಪೆನ್ನು ನಿಂತಿತು. ಕನ್ನಡಕ ತೆಗೆದು ಒರೆಸಿ, ಸ್ವಲ್ಪ ಹೊತ್ತು ಯೋಚಿಸಿದರು.

"ಇದಕ್ಕೆ ಸರಿಯಾದ ಶಬ್ದ ಇಲ್ಲ" ಅಂದರು. "ಸದ್ಯಕ್ಕೆ ನಿಲಂ ಅಂತ ಬರೆಯಲಾ?"