ಯುದ್ಧ ಮುಗಿದರೂ ಮನಸ್ಸಿನಲ್ಲಿ ಮುಗಿಯಲ್ವಾ?
ಸುರಕ್ಷಿತ ದೇಶ ಸೇರಿ 20 ವರ್ಷ ಆದಮೇಲೂ ನಿರಾಶ್ರಿತರು ಯಾಕೆ ನರಳುತ್ತಾರೆ ಅಂತ ಕೇಳಿದ್ದೀರಿ. ಎಲ್ಲರದೂ ಹಾಗಲ್ಲ, ತುಂಬಾ ಜನ ಚೇತರಿಸಿಕೊಳ್ಳುತ್ತಾರೆ. ಆದರೆ ಕಾಂಬೋಡಿಯಾದಿಂದ ಬಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ನೆಲೆಸಿದವರ ಮೇಲಿನ ಅಧ್ಯಯನ 2005ರಲ್ಲಿ ಬಂತು. ಅಲ್ಲಿಗೆ ಹೋಗಿ ಎರಡು ದಶಕ ಆಗಿತ್ತು. ಆದರೂ ಶೇ. 62 ಮಂದಿಗೆ ಪಿಟಿಎಸ್‌ಡಿ (ಭೀಕರ ಘಟನೆಯ ಆಘಾತದಿಂದ ಬರುವ, ಹಳೆಯ ಭಯ ಮತ್ತೆ ಮತ್ತೆ ಕಾಡುವ ಮಾನಸಿಕ ತೊಂದರೆ), ಶೇ. 51 ಮಂದಿಗೆ ಖಿನ್ನತೆ ಇತ್ತು.

ಹಳೇ ನೆನಪೊಂದೇ ಕಾರಣ ಅಲ್ಲ. ಬಡವರಲ್ಲಿ, ಕೆಲಸ ಇಲ್ಲದವರಲ್ಲಿ, ಇಂಗ್ಲಿಷ್ ಸರಿಯಾಗಿ ಬಾರದವರಲ್ಲಿ ತೊಂದರೆ ಜಾಸ್ತಿ ಕಂಡಿತ್ತು. ನನಗೆ ಮುಖ್ಯ ಅನ್ನಿಸುವುದು ಇದೇ. ಬಾಗಿಲು ಧಡ್ ಅಂದರೆ ಬೆಚ್ಚಿಬೀಳುವವನು ಡಾಕ್ಟರ ಹತ್ತಿರ ಹೇಳುವುದು ಮಾತ್ರ ತಲೆನೋವು, ನಿದ್ದೆ ಇಲ್ಲ ಅಂತ. ಜೊತೆಗೆ ದುಭಾಷಿಯೂ ಇಲ್ಲದಿದ್ದರೆ ನೋವಿನ ಮಾತ್ರೆ ಹಿಡಿದು ವಾಪಸ್ ಬರುತ್ತಾನೆ, ಅಷ್ಟೆ. ಎಷ್ಟೇ ತಡವಾಗಿದ್ದರೂ ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಹಲವರಿಗೆ ಉಪಯೋಗಕ್ಕೆ ಬರುತ್ತದೆ.