ಸೋಮವಾರದ ಕರೆಯಲ್ಲಿ ಮಗ ಕನ್ನಡದಲ್ಲಿ ಅತ್ತ

ಪ್ರಶ್ನೆ: ನಾವು ಹುಬ್ಬಳ್ಳಿ ಕಡೆಯವರು. 15 ವರ್ಷದಿಂದ ಅಮೆರಿಕದ ಯೂಟಾದಲ್ಲಿದ್ದೇವೆ. ಹೈಸ್ಕೂಲಿನ ಗೆಳೆಯರ ಜೊತೆ ಹೋಗುತ್ತಾ ಹೋಗುತ್ತಾ ಮಗ ಮಾರ್ಮನ್ ಚರ್ಚ್ ಸೇರಿದ. ಈಗ ಅವನಿಗೆ 19. ಇಲ್ಲೇ ಪ್ರೋವೊ ಊರಿನ ಚರ್ಚ್ ತರಬೇತಿ ಕೇಂದ್ರದಲ್ಲಿ ಆರು ವಾರ ಸ್ಪ್ಯಾನಿಷ್ ಕಲಿತು, ಮಿಷನ್ ಎಂಬ ಎರಡು ವರ್ಷದ ಧರ್ಮಪ್ರಚಾರ ಸೇವೆಗೆಂದು ಅರ್ಜೆಂಟೀನಾಕ್ಕೆ ಹೋಗಿ ಒಂಬತ್ತು ವಾರವಾಯಿತು. ಸೋಮವಾರ ಮಾತ್ರ ವಿಡಿಯೊ ಕರೆ. ಸದಾ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ ಕಳೆದ ವಾರ ಕನ್ನಡದಲ್ಲಿ, "ಅಮ್ಮಾ, ಸಾಕಾಗೇತಿ, ಇಲ್ಲಿ ಇರಾಕ ಆಗವಲ್ದು" ಅಂದು ಅತ್ತ. ಸಸ್ಯಾಹಾರಿ, ಊಟವೂ ಸರಿ ಹೋಗುತ್ತಿಲ್ಲ. ಅವನ ಅಪ್ಪ "ತಾನೇ ಆರಿಸಿಕೊಂಡಿದ್ದು, ಮುಗಿಸಲಿ" ಅಂತಾರೆ. ಕರೆಸಿಕೊಳ್ಳಲೇ?

ಉತ್ತರ: ಟಿಕೆಟ್ ಸದ್ಯಕ್ಕೆ ಬೇಡ. ಹುಡುಗ ಕನ್ನಡಕ್ಕೆ ಯಾಕೆ ಹೊರಳಿದ, ಅದನ್ನು ಮೊದಲು ನೋಡಿ. ಮಿಷನರಿಗಳು ಒಂಟಿಯಾಗಿ ಇರುವಂತಿಲ್ಲ. ಕಂಪ್ಯಾನಿಯನ್ ಎಂಬ ಜೊತೆಗಾರ ಸದಾ ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರ ಇರಬೇಕು. ಬಚ್ಚಲುಮನೆ ಬಿಟ್ಟರೆ ಮರೆಯೆಂಬುದಿಲ್ಲ. ನಿಮ್ಮ ಕರೆ ನಡೆಯುವಾಗಲೂ ಅವನು ಅದೇ ಕೋಣೆಯಲ್ಲಿ ಬಿಳಿ ಷರ್ಟು ಮಡಚುತ್ತಲೋ, ತನ್ನ ಮನೆಯವರಿಗೆ ಮೇಲ್ ಬರೆಯುತ್ತಲೋ ಇರುತ್ತಾನೆ. ಅವನ ಬಗ್ಗೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ದೂರು ಹೇಳಲಾದೀತೇ? ನಿಮ್ಮ ಮಗನಿಗೆ ಸಿಕ್ಕ ಒಂದೇ ಮರೆ ಕನ್ನಡ. ಹಾಗಾಗಿ ಮೊದಲ ಗುಮಾನಿ ಜೊತೆಗಾರನ ಮೇಲೆ.

ಅದೇ ಆಗಿದ್ದರೆ ಸಮಾಧಾನಕ್ಕೆ ಕಾರಣವಿದೆ. ಮೊದಲ ಜೊತೆಗಾರನೇ ಹೊಸಬನ ತರಬೇತುದಾರ, ತರಬೇತಿ ಸಾಮಾನ್ಯವಾಗಿ 12 ವಾರ. ಆರು ವಾರಕ್ಕೊಮ್ಮೆ ಬರುವ 'ಟ್ರಾನ್ಸ್‌ಫರ್'ನಲ್ಲಿ ಜೋಡಿಗಳು ಬದಲಾಗುತ್ತವೆ. ಅಂದರೆ ಇನ್ನು ಮೂರು ವಾರಕ್ಕೆ ಬಹುಶಃ ಬೇರೆ ಮುಖ. ಅಲ್ಲಿಯ ತನಕವೂ ಬಾಯಿ ಕಟ್ಟಿಕೊಂಡು ಇರಬೇಕಿಲ್ಲ. ವಾರದ ಯೋಜನೆ ಹಾಕುವಾಗ ಇಬ್ಬರೂ ಎದುರುಬದುರು ಕೂತು ತಮ್ಮತಮ್ಮ ತಕರಾರು ಹೇಳಿಕೊಳ್ಳುವ ಪದ್ಧತಿಯೇ ಇದೆ. ಹೊಸಬರು ಅಲ್ಲಿ "ಎಲ್ಲಾ ಸರಿಯಿದೆ" ಅಂದು ಎದ್ದುಬಿಡುತ್ತಾರೆ, ಕೆಡುವುದೇ ಅಲ್ಲಿ. "ನೀನು ಹೀಗೆ, ಹಾಗೆ" ಅನ್ನುವುದು ಬೇಡ. "ಜನರೆದುರು ನನ್ನ ಸ್ಪ್ಯಾನಿಷ್ ತಿದ್ದಬೇಡ, ರಾತ್ರಿ ಬರೆದು ಕೊಡು" ಅಂತ ಒಂದೇ ಒಂದು ಸಂಗತಿ ಕೇಳಲಿ. ಆಗಲೂ ಬಗೆಹರಿಯದಿದ್ದರೆ ಆ ಪ್ರದೇಶದ ಮಿಷನರಿಗಳನ್ನು ನೋಡಿಕೊಳ್ಳುವ ಮಿಷನ್ ಅಧ್ಯಕ್ಷರಿಗೆ ಪ್ರತಿ ವಾರ ಬರೆಯುವ ಪತ್ರದಲ್ಲಿ ಹಾಕಲಿ.

ಭಾಷೆಯ ಏಟೂ ಸಣ್ಣದಲ್ಲ. ತರಗತಿಯಲ್ಲಿ 'ಯೊ' (ನಾನು) ಅಂತ ಕಲಿತದ್ದು ಅಲ್ಲಿನ ಬಹಳಷ್ಟು ಜನರ ಬಾಯಲ್ಲಿ 'ಶೊ'. ಬೆಳಿಗ್ಗೆ ಆರೂವರೆಗೆ ಎದ್ದು ರಾತ್ರಿ ಹತ್ತೂವರೆಗೆ ಮಲಗುವ ತನಕ ಓದು, ನಡಿಗೆ, ಭೇಟಿ, ಬೇಡವೆನ್ನುವ ಜನ. ಬಟ್ಟೆ, ಸಂತೆ, ಕ್ಷೌರ, ಮನೆಗೆ ಪತ್ರ, ಎಲ್ಲವೂ ಸೋಮವಾರ ಸಂಜೆ ಆರರೊಳಗೆ. ಆಮೇಲೆ ಮತ್ತೆ ಕೆಲಸ. ವಾರವೆಲ್ಲ ಅದುಮಿಟ್ಟದ್ದು ತಾಯಿಯ ಮುಖ ಕಂಡ ಕೂಡಲೇ ಹೊರಬರುತ್ತದೆ. (2019ರ ಫೆಬ್ರವರಿಗೂ ಮುಂಚೆ ಕ್ರಿಸ್‌ಮಸ್ ಮತ್ತು ತಾಯಂದಿರ ದಿನಕ್ಕೆ, ವರ್ಷಕ್ಕೆ ಎರಡೇ ಕರೆ.) ಆ ಅರ್ಧ ಗಂಟೆ ನೋಡಿ ಉಳಿದ ಆರು ದಿನವನ್ನು ಅಳೆಯಬೇಡಿ.

ಊಟದ್ದು ನಿಮ್ಮ ಕೈಲಿರುವ ಕೆಲಸ. ಅಲ್ಲಿ ಮಧ್ಯಾಹ್ನದ್ದೇ ದೊಡ್ಡ ಊಟ, ಅದೂ ಎಷ್ಟೋ ದಿನ ಚರ್ಚಿನವರ ಮನೆಯಲ್ಲಿ. 'ನೊ ಕೊಮೊ ಕಾರ್ನೆ' (ಮಾಂಸ ತಿನ್ನುವುದಿಲ್ಲ) ಅಂದರೆ ಸಾಲದು. ಅವರ ಬಾಯಲ್ಲಿ 'ಕಾರ್ನೆ' ಅಂದರೆ ದನದ ಮಾಂಸ, ಕೋಳಿ ತಂದಿಡುತ್ತಾರೆ. 'ನಿ ಪೊಶೊ, ನಿ ಪೆಸ್ಕಾದೊ' ಅಂತ ಕೋಳಿ, ಮೀನು ಎರಡನ್ನೂ ಸೇರಿಸಿ, ತಟ್ಟೆ ಮುಂದೆ ಬಂದ ಮೇಲಲ್ಲ, ಹಿಂದಿನ ದಿನವೇ ತಿಳಿಸಬೇಕು. ಪಾರ್ಸೆಲ್ ಕಳಿಸಬೇಡಿ, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಸಾರಿನ ವಿಧಾನ ಕಳಿಸಿ. ಅಂಗಡಿಯಲ್ಲಿ 'ಲೆಂತೆಖಾಸ್' ಅಂದರೆ ಕಂದು ಮಸೂರ, 'ಕೊಮೀನೊ' ಜೀರಿಗೆ, 'ಕೂರ್ಕುಮಾ' ಅರಿಶಿನ. ಒಂದು ಲೋಟ ಬೇಳೆಗೆ ನಾಲ್ಕು ಲೋಟ ನೀರು, ಕುಕ್ಕರ್ ಇಲ್ಲದಿದ್ದರೂ ಅರ್ಧ ಮುಕ್ಕಾಲು ಗಂಟೆಯಲ್ಲಿ ಬೇಯುತ್ತದೆ. ಉಪ್ಪು, ಟೊಮೆಟೊ ಕೊನೆಗೆ, ಟೊಮೆಟೊ ಮೊದಲೇ ಹಾಕಿದರೆ ಬೇಳೆ ಗಟ್ಟಿಯಾಗೇ ಉಳಿಯುತ್ತದೆ. ಸೋಮವಾರ ಮಾಡಿಟ್ಟರೆ ಫ್ರಿಜ್‌ನಲ್ಲಿ ಮೂರು ದಿನಕ್ಕಾಯಿತು.

ಇನ್ನು ಎಚ್ಚರದ ಮಾತು. ಮಿಷನರಿಗಳಿಗೆ ಕೊಡುವ ಕಿರುಪುಸ್ತಕವೊಂದರಲ್ಲಿ ಒತ್ತಡಕ್ಕೆ ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ನಾಲ್ಕು ಬಣ್ಣಗಳಿವೆ. "ಹೇಗಿದ್ದೀಯಾ" ಅಂತ ಕೇಳಿದರೆ "ಪರವಾಗಿಲ್ಲ" ಬರುತ್ತದೆ. "ಈ ವಾರ ಯಾವ ಬಣ್ಣ?" ಅಂತ ಕೇಳಿ, ಕನ್ನಡದಲ್ಲೇ. ಎಷ್ಟು ಗಂಟೆ ನಿದ್ದೆ, ನಿನ್ನೆ ಏನು ತಿಂದೆ, ಇದನ್ನೆಲ್ಲ ಇನ್ಯಾರಿಗೆ ಹೇಳಿದ್ದೀಯಾ ಅಂತಲೂ ಕೇಳಿ. ರಾತ್ರಿಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಎದೆ ಹಿಡಿದಂತಾಗುತ್ತದೆ, ಬದುಕೇ ಬೇಡ ಅನ್ನಿಸುತ್ತದೆ ಅಂದರೆ ಮುಂದಿನ ಸೋಮವಾರದ ತನಕ ಕಾಯುವ ಮಾತೇ ಇಲ್ಲ. ಆ ದಿನವೇ ಮಿಷನ್ ಅಧ್ಯಕ್ಷರಿಗೆ ಫೋನ್ ಮಾಡಿ. ನೀವು ಚರ್ಚಿನವರಲ್ಲ ಅಂತ ಹಿಂಜರಿಯಬೇಡಿ. ಅವರು ಸಿಗದಿದ್ದರೆ ನಿಮ್ಮೂರಿನ ಸ್ಟೇಕ್ (ಆಸುಪಾಸಿನ ಕೆಲವು ಸಭೆಗಳ ಗುಂಪು) ಅಧ್ಯಕ್ಷರನ್ನು ಹಿಡಿಯಿರಿ. ಅವನನ್ನು ಸೇವೆಗೆ ಕಳಿಸಿದ್ದು, ಬಿಡುಗಡೆ ಮಾಡುವುದು ಅವರೇ. ಬರುತ್ತೇನೆ ಅಂದರೆ ಯಾರೂ ಕಟ್ಟಿಹಾಕುವುದಿಲ್ಲ. ಆರೋಗ್ಯದ ಕಾರಣಕ್ಕೆ ಬಂದವರು ಮನೆಯಲ್ಲೇ ಇದ್ದು ಸೇವೆ ಮುಗಿಸುವ ದಾರಿಯೂ ಇದೆ. ಅರ್ಧಕ್ಕೆ ಬಂದವನನ್ನು ಯೂಟಾದ ಕೆಲವು ಬೀದಿಗಳು ಓರೆಗಣ್ಣಿನಿಂದ ನೋಡುತ್ತವೆ, ನಿಜ. ಆದರೆ ಇರಬೇಕೋ ಬರಬೇಕೋ ಅನ್ನುವುದನ್ನು ಬೀದಿಯೂ ಹೇಳಬಾರದು, ನೀವೂ ಹೇಳಬಾರದು. ಅವನು ಹೇಳಲಿ, ಆದಷ್ಟೂ ಆ ಟ್ರಾನ್ಸ್‌ಫರ್ ಕಳೆದ ಮೇಲೆ.

ಮುಂದಿನ ಸೋಮವಾರ ಅವನ ಅಪ್ಪನನ್ನೂ ಫೋನಿನ ಮುಂದೆ ಕೂರಿಸಿ. ಮಿಷನ್ ಖರ್ಚಿಗೆ ತಿಂಗಳಿಗೆ ಕಟ್ಟುವ 500 ಡಾಲರ್ ಮಾತು ಎತ್ತದಿದ್ದರೆ ಸಾಕು, ಅವರೂ ಹುಬ್ಬಳ್ಳಿ ಕನ್ನಡದಲ್ಲೇ ಮಾತಾಡಲಿ.